ಮೆಟಲ್ ಹಾಡಿನೊಳಗೆ ಹಳೇ ದೇವರುಗಳು ಯಾಕೆ ಬಂದರು?

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಹಗಲೂ ರಾತ್ರಿ ಮೆಟಲ್ ಸಂಗೀತ ಕೇಳುತ್ತಾನೆ. ಕತ್ತಿನಲ್ಲಿ ಸುತ್ತಿಗೆ ಆಕಾರದ ಪದಕ ಹಾಕಿಕೊಂಡಿದ್ದಾನೆ. ಏನಿದು ಅಂದರೆ, ‘ಇದು ಥೋರ್ ದೇವರ ಸುತ್ತಿಗೆ ಅಮ್ಮ, ನಮ್ಮ ಇಂದ್ರನ ವಜ್ರಾಯುಧ ಇದ್ದ ಹಾಗೆ. ಈ ಹಾಡುಗಳ ತುಂಬ ಪುರಾಣವೇ ಇರೋದು’ ಅನ್ನುತ್ತಾನೆ. ನನಗೆ ಕೇಳಿಸುವುದು ಬರೀ ಕಿರುಚಾಟ. ಇವರಿಗೆ ಪುರಾಣದ ಮೇಲೆ ನಿಜವಾದ ಪ್ರೀತಿ ಇದೆಯಾ, ಇಲ್ಲ ಇದೆಲ್ಲ ವೇಷವಾ? ನಾನೂ ಕೇಳಿ ನೋಡಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಥೋರ್ ಅಂದರೆ ಉತ್ತರ ಯುರೋಪಿನ ಹಳೇ ಜನರ ಗುಡುಗಿನ ದೇವರು. ಅವನ ಕೈಯಲ್ಲಿ ಸುತ್ತಿಗೆ, ಇಂದ್ರನ ಕೈಯಲ್ಲಿ ವಜ್ರ. ಇಂದ್ರ ವೃತ್ರನನ್ನು ಕೊಂದ, ಥೋರ್ ಭೂಮಿಯನ್ನೇ ಸುತ್ತಿಕೊಂಡಿರುವ ಮಹಾಸರ್ಪದ ಜೊತೆ ಹೋರಾಡುತ್ತಾನೆ. ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಸಂಸ್ಕೃತದಲ್ಲಿ ಗುಡುಗಿಗೆ ‘ಸ್ತನಿತ’ ಅನ್ನುವ ಮಾತಿದೆ. ಆ ಮಾತು, ಇಂಗ್ಲಿಷಿನ ‘ಥಂಡರ್’, ಈ ‘ಥೋರ್’ ಮೂರೂ ಒಂದೇ ಬೇರಿನಿಂದ ಬಂದವು. ಆ ಪದಕವೂ ಇವತ್ತಿನ ಫ್ಯಾಷನ್ ಅಲ್ಲ. ಸಾವಿರ ವರ್ಷದ ಹಿಂದೆ ಸ್ಕ್ಯಾಂಡಿನೇವಿಯಾದ, ಅಂದರೆ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಕಡೆಯ ಜನ ಇಂಥದ್ದನ್ನೇ ಕತ್ತಿಗೆ ಹಾಕಿಕೊಳ್ಳುತ್ತಿದ್ದರು. ಅಗೆದಲ್ಲೆಲ್ಲ ಸಿಕ್ಕಿವೆ. ಅವು ನಿಜಕ್ಕೂ ಸುತ್ತಿಗೆಗಳೇನಾ ಅಂತ ವಿದ್ವಾಂಸರು ವಾದ ಮಾಡುತ್ತಿದ್ದರು. 2014ರಲ್ಲಿ ಡೆನ್ಮಾರ್ಕಿನ ಒಂದು ಹಳ್ಳಿಯಲ್ಲಿ ಸಿಕ್ಕ ಪುಟ್ಟ ಪದಕದ ಮೇಲೆ ಹಳೇ ರೂನ್ ಲಿಪಿಯಲ್ಲಿ ‘ಇದು ಸುತ್ತಿಗೆ’ ಅಂತಲೇ ಕೆತ್ತಿತ್ತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಪ್ರೀತಿಯೋ ವೇಷವೋ? ಎರಡೂ ಇದೆ. ಬೇರ್ಪಡಿಸಿ ನೋಡಲು ನಾನು ಒಂದೇ ಒಂದು ವಿಷಯ ಗಮನಿಸುತ್ತೇನೆ. ಪುರಾಣ ಹಾಡಿನ ಮಾತಿನಲ್ಲಿ ಮಾತ್ರ ಇದೆಯಾ, ಇಲ್ಲ ಹಾಡಿನ ಧಾಟಿಗೂ ಇಳಿದಿದೆಯಾ? ದೇವರ ಹೆಸರು ಕೂಗುವುದು ಸುಲಭ. ಆಲ್ಬಮ್ಮಿನ ಹೊದಿಕೆ ಮೇಲೆ ಕತ್ತಿ, ಗುರಾಣಿ ಬರೆಸುವುದು ಇನ್ನೂ ಸುಲಭ. ಆದರೆ ಈ ಕತೆಗಳೆಲ್ಲ ಪುಸ್ತಕ ಆಗುವ ಮೊದಲು ಹಾಡಾಗಿದ್ದವು ಅಲ್ವಾ? ಅವಕ್ಕೆ ತಮ್ಮದೇ ಲಯ ಇತ್ತು, ಪ್ರಾಸ ಇತ್ತು, ಉಸಿರು ನಿಲ್ಲಿಸುವ ಜಾಗ ಇತ್ತು. ಆ ಲಯವನ್ನು ಹುಡುಕಿ ಗಿಟಾರಿಗೆ ತಂದವರನ್ನು ನಾನು ನಂಬುತ್ತೇನೆ.

ಶುರುವಾದ ಜಾಗದಿಂದಲೇ ಬರೋಣ. 1970ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬತ್ ಬ್ಯಾಂಡಿನ ಮೊದಲ ಆಲ್ಬಮ್ ಬಂತು. ಹೆವಿ ಮೆಟಲ್ ಹುಟ್ಟಿದ್ದು ಅಲ್ಲಿಂದ ಅನ್ನುವವರೇ ಜಾಸ್ತಿ. ಮೊದಲ ಹಾಡಿನಲ್ಲಿ ಗಿಟಾರ್ ನುಡಿಸುವುದು ಮೂರೇ ಸ್ವರ. ಷಡ್ಜ, ಮೇಲಿನ ಷಡ್ಜ, ಆಮೇಲೆ ಕೆಳಗಿಳಿದು ಪ್ರತಿ ಮಧ್ಯಮ. ಅಷ್ಟೇ, ನಿಧಾನವಾಗಿ, ಮತ್ತೆ ಮತ್ತೆ. ಮೈ ಜುಮ್ ಅನ್ನುತ್ತದೆ. ನಮ್ಮ ಕಲ್ಯಾಣಿಯಲ್ಲಿ ಅದೇ ಪ್ರತಿ ಮಧ್ಯಮ ಎಷ್ಟು ತಂಪಾಗಿರುತ್ತದೆ ನೋಡಿ. ಇಲ್ಲಿ ಅದರ ಅಕ್ಕಪಕ್ಕ ಬೇರೆ ಸ್ವರಗಳಿಲ್ಲ, ಪಂಚಮದ ಆಸರೆ ಇಲ್ಲ. ಒಂಟಿಯಾಗಿ ನಿಂತಾಗ ಅದೇ ಸ್ವರ ಹೆದರಿಸುತ್ತದೆ.

ಈ ಮೂರು ಸ್ವರದ ಹಿಂದೆಯೂ ಒಂದು ಕತೆ ಇದೆ. ಬ್ಯಾಂಡಿನ ಬೇಸ್ ಗಿಟಾರ್ ವಾದಕ ಗೀಝರ್ ಬಟ್ಲರ್‌ಗೆ ಗುಸ್ಟಾವ್ ಹೋಲ್ಸ್ಟ್ ಅವರ ‘ದಿ ಪ್ಲಾನೆಟ್ಸ್’ ಅನ್ನುವ ಆರ್ಕೆಸ್ಟ್ರಾ ಕೃತಿ ಅಂದರೆ ಪ್ರಾಣ. ಅದರಲ್ಲಿ ಯುದ್ಧದ ದೇವರು ಮಾರ್ಸ್‌ನ ಭಾಗವನ್ನು ಅವರು ಸುಮ್ನೆ ನುಡಿಸುತ್ತಿದ್ದರಂತೆ. ಗಿಟಾರ್ ವಾದಕ ಟೋನಿ ಅಯೋಮಿ ಮರುದಿನ ಆ ಮೂರು ಸ್ವರ ತಂದರು. ಇದನ್ನು ಹೇಳಿದವರು ಬಟ್ಲರ್ ಅವರೇ. ಈ ಹೋಲ್ಸ್ಟ್ ಯಾರು ಅಂತೀರಿ? ಋಗ್ವೇದ ಓದಬೇಕು ಅಂತ ಲಂಡನ್ನಿನಲ್ಲಿ ಸಂಸ್ಕೃತ ಕಲಿತ ಮನುಷ್ಯ. ಋಗ್ವೇದದ ಸೂಕ್ತಗಳಿಗೆ ರಾಗ ಹಾಕಿದವರು. ಮಹಾಭಾರತದ ಸಾವಿತ್ರಿಯ ಕತೆಯನ್ನು ಪುಟ್ಟ ಒಪೆರಾ, ಅಂದರೆ ಹಾಡಿನ ನಾಟಕ ಮಾಡಿದವರು. ಅದು 1916ರಲ್ಲಿ ಮೊದಲ ಸಲ ರಂಗಕ್ಕೆ ಬಂತು. ಮೆಟಲ್ಲಿನ ಮೊದಲ ಸ್ವರಗಳ ಹಿಂದೆ ಸಾವಿತ್ರಿಯ ಕತೆ ಹಾಡಿಸಿದ ವ್ಯಕ್ತಿ ಇದ್ದಾರೆ ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಅದೇ 1970ರ ಜೂನಿನಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್ ಐಸ್‌ಲ್ಯಾಂಡಿಗೆ ಹೋಗಿ ಹಾಡಿ ಬಂತು. ರಾತ್ರಿಯಲ್ಲೂ ಕತ್ತಲಾಗದ ಕಾಲ. ಅದರ ಗುಂಗಿನಲ್ಲೇ ‘ಇಮಿಗ್ರಂಟ್ ಸಾಂಗ್’ ಹುಟ್ಟಿತು. ಹಡಗಿನಲ್ಲಿ ದಂಡೆತ್ತಿ ಹೊರಟ ಹಳೇ ಸ್ಕ್ಯಾಂಡಿನೇವಿಯಾದ ವೈಕಿಂಗರು, ದೇವರ ಸುತ್ತಿಗೆ, ಸತ್ತ ವೀರರು ಸೇರುವ ವಲ್ಹಲ್ಲಾ, ಎಲ್ಲ ಎರಡೂವರೆ ನಿಮಿಷದಲ್ಲಿ. ಹಾಡು ಅದ್ಭುತ. ಆದರೆ ಅದರಲ್ಲಿರುವ ವೈಕಿಂಗರು ಚಿತ್ರಪಟದ ವೈಕಿಂಗರು. ತಲೆ ಮೇಲೆ ಕೊಂಬಿನ ಟೋಪಿ ಇಟ್ಟ ವೈಕಿಂಗ್ ಚಿತ್ರ ನೀವೂ ನೋಡಿರುತ್ತೀರಿ. ನಿಜವಾದ ವೈಕಿಂಗರು ಅಂಥ ಟೋಪಿ ಹಾಕಿ ಯುದ್ಧಕ್ಕೆ ಹೋದ ಪುರಾವೆ ಇಲ್ಲ. ಆ ಚಿತ್ರ ಹರಡಿದ್ದು 1876ರಲ್ಲಿ ಜರ್ಮನಿಯಲ್ಲಿ ವಾಗ್ನರ್ ಅವರ ಒಪೆರಾಕ್ಕೆ ಹೊಲಿಸಿದ ವೇಷಭೂಷಣದಿಂದ. ರಾಕ್ ಸಂಗೀತ ಮೊದಮೊದಲು ಎತ್ತಿಕೊಂಡಿದ್ದು ಈ ನಾಟಕದ ಪೆಟ್ಟಿಗೆಯನ್ನೇ.

ಅದನ್ನು ಬದಲಿಸಿದವನು ಸ್ಟಾಕ್‌ಹೋಮಿನ ಒಬ್ಬ ಹುಡುಗ. ಕ್ವಾರ್ಥನ್ ಅಂತ ಹೆಸರಿಟ್ಟುಕೊಂಡಿದ್ದ. ಅವನ ಬ್ಯಾಂಡ್ ಬಾಥೊರಿ. ಮೊದಲು ಅವನೂ ಸೈತಾನ, ನರಕ ಅಂತ ಕೂಗಿದವನೇ. ಆಮೇಲೆ ಒಂದು ವಿಷಯ ಹೊಳೆಯಿತು. ಸೈತಾನನೂ ಚರ್ಚಿನ ಕತೆಯೊಳಗಿನ ಪಾತ್ರವೇ. ಚರ್ಚಿಗೆ ಎದುರು ನಿಲ್ಲುತ್ತೇನೆ ಅಂತ ಸೈತಾನನನ್ನು ಹಾಡಿದರೆ ಅದೇ ಮನೆಯೊಳಗೆ ಸುತ್ತಿದ ಹಾಗೆ. ಹಾಗಾದರೆ ಅದಕ್ಕೂ ಮೊದಲು ನಮ್ಮ ಊರಲ್ಲಿ ಯಾವ ದೇವರಿತ್ತು? ಈ ಪ್ರಶ್ನೆಯಿಂದ 1988ರ ‘ಬ್ಲಡ್ ಫೈರ್ ಡೆತ್’, 1990ರ ‘ಹ್ಯಾಮರ್‌ಹಾರ್ಟ್’ ಆಲ್ಬಮ್‌ಗಳು ಬಂದವು. ಹಾಡಿನ ಓಟ ತಗ್ಗಿತು. ಹಾಡುಗಳು ಹತ್ತು ಹತ್ತು ನಿಮಿಷ ಉದ್ದವಾದವು. ಅಲೆಯ ಸದ್ದು, ಕುದುರೆಯ ಕೆನೆತ, ಹಿಂದೆ ದೊಡ್ಡ ಮೇಳ ಹಾಡುತ್ತಿರುವ ಹಾಗೆ ದನಿಯ ಮೇಲೆ ದನಿ. ಕತೆ ಬದಲಾದ ಹಾಗೆ ಹಾಡಿನ ನಡಿಗೆಯೂ ಬದಲಾಯಿತು. ವೈಕಿಂಗ್ ಮೆಟಲ್ ಅಂತ ಇವತ್ತು ಕರೆಯುವುದು ಅಲ್ಲಿಂದ ಹುಟ್ಟಿತು. ಕ್ವಾರ್ಥನ್ 2004ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡ.

ನಿಮ್ಮ ಮಗ ಅಮೋನ್ ಅಮಾರ್ಥ್ ಕೇಳುತ್ತಾನೆ ಅಂತ ನನ್ನ ಊಹೆ. ಸುತ್ತಿಗೆ ಪದಕದವರು ಸಾಮಾನ್ಯವಾಗಿ ಕೇಳುತ್ತಾರೆ. ಸ್ವೀಡನ್ನಿನ ಟುಂಬಾ ಅನ್ನುವ ಊರಿನವರು. 2008ರ ಅವರ ‘ಟ್ವೈಲೈಟ್ ಆಫ್ ದ ಥಂಡರ್ ಗಾಡ್’ ಹಾಡಿನಲ್ಲಿ ಇರುವುದು ನಾನು ಮೇಲೆ ಹೇಳಿದ ಸರ್ಪದ ಕತೆಯೇ. ಥೋರ್ ಅದನ್ನು ಕೊಲ್ಲುತ್ತಾನೆ. ಒಂಬತ್ತು ಹೆಜ್ಜೆ ನಡೆದು, ವಿಷ ಏರಿ ತಾನೂ ಬೀಳುತ್ತಾನೆ. ಬ್ಯಾಂಡಿನ ಹೆಸರು ಮಾತ್ರ ಪುರಾಣದ್ದಲ್ಲ. ಅದು ಟೋಲ್ಕಿನ್ ಅವರ ಕಾದಂಬರಿಯ ಬೆಟ್ಟದ ಹೆಸರು. ಟೋಲ್ಕಿನ್ ಆದರೋ ತಮ್ಮ ಕುಳ್ಳರ ಹೆಸರುಗಳನ್ನು, ಗ್ಯಾಂಡಾಲ್ಫ್ ಅನ್ನುವ ಮಾಂತ್ರಿಕನ ಹೆಸರನ್ನೂ ಐಸ್‌ಲ್ಯಾಂಡಿನ ಹಳೇ ಪದ್ಯದಿಂದಲೇ ಎತ್ತಿದವರು. ಪದ್ಯದಿಂದ ಕಾದಂಬರಿಗೆ, ಕಾದಂಬರಿಯಿಂದ ಗಿಟಾರಿಗೆ, ಗಿಟಾರಿನಿಂದ ಮತ್ತೆ ಪದ್ಯಕ್ಕೆ. ಎಷ್ಟೋ ಹುಡುಗರು ಹೀಗೇ ಸುತ್ತಿ ಬಂದು ಮೂಲ ಓದಿದ್ದಾರೆ.

ಆ ಮೂಲ ಯಾವುದು? ‘ಎಡ್ಡಾ’ ಅನ್ನುವ ಎರಡು ಪುಸ್ತಕಗಳು. ಒಂದು ಪದ್ಯಗಳ ಸಂಗ್ರಹ. ಇನ್ನೊಂದನ್ನು ಸುಮಾರು 1220ರಲ್ಲಿ ಸ್ನೋರ್ರಿ ಸ್ಟರ್ಲುಸನ್ ಬರೆದ. ಅಷ್ಟರಲ್ಲಿ ಐಸ್‌ಲ್ಯಾಂಡ್ ಕ್ರೈಸ್ತ ದೇಶವಾಗಿ ಇನ್ನೂರು ವರ್ಷ ಕಳೆದಿತ್ತು. ಹಳೇ ದೇವರ ಕತೆ ಗೊತ್ತಿಲ್ಲದಿದ್ದರೆ ಹಳೇ ಕವಿಗಳ ಒಗಟಿನಂಥ ಮಾತು ಅರ್ಥವಾಗುತ್ತಿರಲಿಲ್ಲ. ಹೊಸ ಕವಿಗಳಿಗೆ ಕಟ್ಟುವುದೂ ಬರುತ್ತಿರಲಿಲ್ಲ. ಅದಕ್ಕೇ ಅವನು ಕವಿಗಳಿಗೊಂದು ಪಾಠದ ಪುಸ್ತಕ ಬರೆದ. ಅಂದರೆ ಥೋರನ ಕತೆ ನಮ್ಮ ಕಾಲದವರೆಗೆ ಉಳಿದಿದ್ದರಲ್ಲಿ ಪೂಜಾರಿಗಳಿಗಿಂತ ಪದ ಕಟ್ಟುವವರ ಪಾಲು ದೊಡ್ಡದು. ಪದ್ಯಗಳಿದ್ದ ಮುಖ್ಯ ಹಸ್ತಪ್ರತಿ ಮೂರು ಶತಮಾನ ಡೆನ್ಮಾರ್ಕಿನಲ್ಲಿತ್ತು. 1971ರ ಏಪ್ರಿಲಿನಲ್ಲಿ ಅದು ಹಡಗಿನಲ್ಲಿ ಐಸ್‌ಲ್ಯಾಂಡಿಗೆ ವಾಪಸ್ ಬಂದಾಗ ಬಂದರಿನಲ್ಲಿ ಸಾವಿರಾರು ಜನ ಸೇರಿದ್ದರು. ಒಂದು ಪುಸ್ತಕವನ್ನು ಬರಮಾಡಿಕೊಳ್ಳಲು!

ಆ ಜನರ ಮಕ್ಕಳ ಕಾಲದ ಬ್ಯಾಂಡು ಸ್ಕಾಲ್ಮೋಲ್ಡ್. 2009ರಲ್ಲಿ ರೇಕ್ಯಾವಿಕ್‌ನಲ್ಲಿ ಶುರುವಾಯಿತು. ಇವರು ಹಾಡುವುದು ಐಸ್‌ಲ್ಯಾಂಡಿನ ಭಾಷೆಯಲ್ಲಿ ಮಾತ್ರ. ಅದೂ ಹಳೇ ಛಂದಸ್ಸಿನ ಕಟ್ಟುಪಾಡಿನಲ್ಲಿ. ನಮ್ಮಲ್ಲಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತೇವಲ್ಲ, ಅವರಲ್ಲಿ ಒತ್ತು ಬೀಳುವ ಪದಗಳ ಮೊದಲ ಸದ್ದು ಒಂದಕ್ಕೊಂದು ಹೊಂದಬೇಕು. ಆ ಒತ್ತು ಬಿದ್ದಲ್ಲೇ ಡ್ರಮ್ಮಿನ ಪೆಟ್ಟೂ ಬೀಳುತ್ತದೆ. ಭಾಷೆ ತಿಳಿಯದೆಯೂ ಅದು ಕಿವಿಗೆ ಗೊತ್ತಾಗುತ್ತದೆ. 2013ರಲ್ಲಿ ಅವರು ಐಸ್‌ಲ್ಯಾಂಡ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಕಛೇರಿ ಕೊಟ್ಟರು. ಅದರ ವಿಡಿಯೊ ಸಿಗುತ್ತದೆ. ನಿಮಗೆ ಮೊದಲು ಹಿಡಿಸುವುದು ಬಹುಶಃ ಅದೇ.

ಇನ್ನೊಂದು ಬ್ಯಾಂಡು ಟೀರ್. ಫ್ಯಾರೋ ದ್ವೀಪಗಳದ್ದು. ಆ ಇಡೀ ನಾಡಿನ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಟೀರ್ ಅಂದರೆ ತೋಳದ ಬಾಯಿಗೆ ಕೈಯನ್ನು ಒತ್ತೆಯಿಟ್ಟು ಆ ಕೈಯನ್ನೇ ಕಳೆದುಕೊಂಡ ದೇವರು. ಅವನ ಹೆಸರಿನ ಬೇರೂ ನಮ್ಮ ‘ದೇವ’ ಅನ್ನುವ ಮಾತಿನ ಬೇರೂ ಒಂದೇ. ಫ್ಯಾರೋದಲ್ಲಿ ಹಳೇ ಕಾಲದಿಂದ ಒಂದು ಸಾಲು ಕುಣಿತ ಇದೆ. ಜನ ಕೈಕೈ ಹಿಡಿದು ಸುತ್ತುತ್ತಾರೆ. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು. ವಾದ್ಯವೇ ಇಲ್ಲ. ಒಬ್ಬ ಕತೆ ಹಾಡುತ್ತಾನೆ, ಪಲ್ಲವಿಗೆ ಎಲ್ಲರೂ ದನಿ ಸೇರಿಸುತ್ತಾರೆ. ನೆಲಕ್ಕೆ ಬೀಳುವ ಹೆಜ್ಜೆಯೇ ತಾಳ. ನಮ್ಮ ಕೋಲಾಟ, ಕಂಸಾಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೀರ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ, 2002ರಲ್ಲಿ, ‘ಓರ್ಮುರಿನ್ ಲಂಗಿ’ ಅನ್ನುವ ಅಂಥ ಒಂದು ಲಾವಣಿ ಹಾಡಿದರು. ಒಬ್ಬ ನಾರ್ವೆ ರಾಜನ ಹಡಗಿನ ಕತೆ. ಪುರಾಣ ಅಲ್ಲ, ಚರಿತ್ರೆಯ ಕತೆ. ಆದರೆ ಗಿಟಾರ್, ಡ್ರಮ್ ಎಲ್ಲ ಆ ಕುಣಿತದ ಹೆಜ್ಜೆಗೇ ಕಟ್ಟಿದ್ದಾರೆ. ಕೇಳುತ್ತಾ ಕುಳಿತರೆ ನಿಮ್ಮ ಕಾಲು ತಾನೇ ತಟ್ಟುತ್ತದೆ.

ಈಗ ನನಗೆ ತುಂಬ ಹತ್ತಿರದ ಜಾಗಕ್ಕೆ ಬಂದೆ. ಫಿನ್‌ಲ್ಯಾಂಡ್. ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಎಲಿಯಾಸ್ ಲೊನ್‌ರೂಟ್ ಅಂತ ಒಬ್ಬ ಡಾಕ್ಟರ್ ಇದ್ದ. ಹಳ್ಳಿ ಹಳ್ಳಿ ನಡೆದು ಹಾಡುಗಾರರ ಬಾಯಿಂದ ಹಳೇ ಪದಗಳನ್ನು ಬರೆದುಕೊಂಡ. ಅವನ್ನು ಜೋಡಿಸಿ 1835ರಲ್ಲಿ ‘ಕಲೆವಾಲ’ ಅನ್ನುವ ಕಾವ್ಯ ತಂದ. 1849ರಲ್ಲಿ ಅದು ಬೆಳೆದು 50 ಸಂಧಿ, 22,795 ಸಾಲು ಆಯಿತು. ಸಾಲಿಗೆ ಎಂಟು ಅಕ್ಷರದ ಲಯ. ಒಂದು ಸಾಲಿನಲ್ಲಿ ಹೇಳಿದ್ದನ್ನೇ ಮುಂದಿನ ಸಾಲು ಬೇರೆ ಮಾತಿನಲ್ಲಿ ಹೇಳುತ್ತದೆ. ನಮ್ಮ ಜನಪದ ಹಾಡುಗಳಲ್ಲೂ ಹೀಗೇ ಅಲ್ವಾ? ಹಾಡುವವರಿಗೆ ಮುಂದಿನ ಸಾಲು ನೆನಪಾಗಲು ಅಷ್ಟು ಹೊತ್ತು ಬೇಕು. ಕೇಳುವವರಿಗೆ ಹಿಂದಿನ ಸಾಲು ಎದೆಗಿಳಿಯಲೂ ಬೇಕು.

ಹೆಲ್ಸಿಂಕಿಯಲ್ಲಿ 1990ರಲ್ಲಿ ಕೆಲವು ಹುಡುಗರು ಅಮಾರ್ಫಿಸ್ ಅನ್ನುವ ಬ್ಯಾಂಡ್ ಕಟ್ಟಿದರು. 1994ರ ಅವರ ‘ಟೇಲ್ಸ್ ಫ್ರಮ್ ದ ಥೌಸಂಡ್ ಲೇಕ್ಸ್’ ಆಲ್ಬಮ್ಮಿನ ಹಾಡುಗಳ ಮಾತು ಕಲೆವಾಲದ್ದು. ಅದರಲ್ಲಿ ‘ಬ್ಲ್ಯಾಕ್ ವಿಂಟರ್ ಡೇ’ ಅಂತ ಒಂದು ಹಾಡಿದೆ. ಗಂಟಲಾಳದಿಂದ ಗರ್ಜಿಸುವ ಡೆತ್ ಮೆಟಲ್ ಹಾಡು. ಹೆಸರು ಕೇಳಿದವರು ಸಾವಿನದೋ ಯುದ್ಧದ್ದೋ ಅಂದುಕೊಳ್ಳುತ್ತಾರೆ. ಅಲ್ಲ. ಅದು ಕಲೆವಾಲದ 22ನೇ ಸಂಧಿಯಲ್ಲಿ ಬರುವ ಮದುಮಗಳ ಅಳಲು. ತವರು ಬಿಟ್ಟು ಹೊರಟ ಹುಡುಗಿ. ಸುಖವಂತರ ಮನಸ್ಸು ವಸಂತದ ಬೆಳಗಿನ ಹಾಗಿರುತ್ತದೆ, ನನ್ನ ಮನಸ್ಸು ಮಾತ್ರ ಚಳಿಗಾಲದ ಕಪ್ಪು ಹಗಲಿನ ಹಾಗಿದೆ ಅನ್ನುತ್ತಾಳೆ. ಆ ದೇಶದ ಉತ್ತರದಲ್ಲಿ ಚಳಿಗಾಲದ ಹಗಲು ಕೂಡ ನಿಜವಾಗಿ ಕತ್ತಲೆಯೇ. ನಮ್ಮ ಮದುವೆ ಮನೆಯಲ್ಲಿ ಹೆಣ್ಣೊಪ್ಪಿಸುವ ಹಾಡು ಶುರುವಾದ ತಕ್ಷಣ ಗಂಡಸರೂ ಮುಖ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಾರಲ್ಲ, ಅದೇ ಹಾಡು ಇದು. ನಿಮಗೆ ಬರೀ ಕಿರುಚಾಟ ಅನಿಸಿದ್ದರ ಒಳಗೆ ಒಬ್ಬಳು ಹೆಣ್ಣುಮಗಳು ಅಳುತ್ತಿರಬಹುದು.

ಅಮಾರ್ಫಿಸ್ ಮೂವತ್ತು ವರ್ಷದಿಂದ ಮತ್ತೆ ಮತ್ತೆ ಈ ಕಾವ್ಯಕ್ಕೇ ಮರಳಿದೆ. 2006ರ ‘ಎಕ್ಲಿಪ್ಸ್’ ಪೂರ್ತಿ ಕುಲ್ಲೆರ್ವೊನ ಕತೆ. ಹುಟ್ಟುವ ಮೊದಲೇ ಕುಲ ನಾಶವಾದ, ಗುಲಾಮನಾಗಿ ಬೆಳೆದ, ತಿಳಿಯದೆ ತಂಗಿಯನ್ನೇ ಕೂಡಿ, ಕೊನೆಗೆ ತನ್ನ ಕತ್ತಿಯನ್ನೇ ಕೇಳಿ ಅದರ ಮೇಲೆ ಬಿದ್ದು ಸತ್ತ ಹುಡುಗ. ಟೋಲ್ಕಿನ್ ಅವರ ಟೂರಿನ್ ಪಾತ್ರದ ಮೂಲವೂ ಇವನೇ. ಗಾಯಕ ಟೋಮಿ ಯೌಟ್ಸೆನ್ ಶುದ್ಧ ದನಿಯಿಂದ ಗರ್ಜನೆಗೆ, ಗರ್ಜನೆಯಿಂದ ಶುದ್ಧ ದನಿಗೆ ಜಾರುತ್ತಾರೆ. ಕೇಳಿದರೆ ಒಬ್ಬನೇ ಭಾಗವತ ಕರುಣದ ಪದದಿಂದ ರೌದ್ರಕ್ಕೆ ಹೋದ ಹಾಗೆ ಅನಿಸುತ್ತದೆ.

ಇಲ್ಲಿ ನಮ್ಮ ನಾಡಿನ ಜೊತೆ ಒಂದು ನಿಜವಾದ ಕೊಂಡಿ ಇದೆ. ಅಮಾರ್ಫಿಸ್ ಹುಟ್ಟಿದ ಅದೇ 1990ರಲ್ಲಿ ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ತುಳುನಾಡಿನಲ್ಲಿದ್ದರು. ಕಲೆವಾಲವನ್ನು ಅರೆದು ಕುಡಿದವರು. ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು, ಅಂದರೆ ಸಿರಿ ಅನ್ನುವ ಹೆಣ್ಣುದೈವದ ತುಳು ಕಥನಗೀತೆಯನ್ನು, ಅವರು ಧ್ವನಿಮುದ್ರಿಸಿದರು. ನಮ್ಮ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡ ಹೊಂಕೊ ಅವರ ಜೊತೆಗಿದ್ದರು. 15 ಸಾವಿರಕ್ಕೂ ಹೆಚ್ಚು ಸಾಲಿನ ಕಾವ್ಯ. ಅದು ಪುಸ್ತಕವಾಗಿ ಬಂದಿದ್ದು ಹೆಲ್ಸಿಂಕಿಯಿಂದ, 1998ರಲ್ಲಿ. ಸಿರಿಯ ಮೊಮ್ಮಕ್ಕಳು ಅಬ್ಬಗ ದಾರಗ ಚೆನ್ನೆಮಣೆ ಆಡುತ್ತ ಜಗಳವಾಡಿ ಸಾಯುವ ಕತೆ ಕುಲ್ಲೆರ್ವೊನ ಕತೆಯಷ್ಟೇ ಎದೆ ಕಲಕುತ್ತದೆ. ಕಲೆವಾಲದ ಊರಿನವರು ನಮ್ಮ ಸಿರಿಯನ್ನು ಹುಡುಕಿಕೊಂಡು ಬಂದಿದ್ದರು ಅನ್ನುವುದನ್ನು ನಿಮ್ಮ ಮಗನಿಗೆ ಹೇಳಿ.

ಐರ್ಲೆಂಡಿನ ಮಾತು ಸ್ವಲ್ಪ. ಮೆಟಲ್ ಇನ್ನೂ ಎಳೆಯದಿದ್ದಾಗಲೇ, 1973ರಲ್ಲಿ, ಹಾರ್ಸ್‌ಲಿಪ್ಸ್ ಅನ್ನುವ ಬ್ಯಾಂಡ್ ‘ದ ಟೋಯಿನ್’ ಅಂತ ಇಡೀ ಆಲ್ಬಮ್ ಮಾಡಿತು. ಅದು ಒಂದು ಹೋರಿಗಾಗಿ ನಡೆದ ಯುದ್ಧದ ಹಳೇ ಕತೆ. ಕು ಖುಲಿನ್ ಅನ್ನುವ ವೀರ ಗಾಯವಾದಾಗ, ನಿಂತೇ ಸಾಯಬೇಕು ಅಂತ ತನ್ನನ್ನು ಕಲ್ಲಿಗೆ ಕಟ್ಟಿಕೊಳ್ಳುತ್ತಾನೆ. ತುರುಗೋಳಿನಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡಿನವರು ನಾವು. ಈ ಕತೆ ನಮಗೆ ದೂರದ್ದು ಅನಿಸುವುದೇ ಇಲ್ಲ. ಆ ಆಲ್ಬಮ್ಮಿನ ‘ಡ್ಯಾರಗ್ ಡೂಮ್’ ಹಾಡಿನ ಗಿಟಾರ್ ಧಾಟಿ ಹಳೇ ಐರಿಶ್ ಮೆರವಣಿಗೆಯ ಮಟ್ಟಿನಿಂದ ಬಂದದ್ದು.

ಗ್ರೀಕ್ ಪುರಾಣ ಎತ್ತಿಕೊಂಡವರು ಲೆಕ್ಕವಿಲ್ಲದಷ್ಟು. ನನಗೆ ನಿಲ್ಲುವುದು ಐರನ್ ಮೇಡನ್ ಬ್ಯಾಂಡಿನ 1983ರ ‘ಫ್ಲೈಟ್ ಆಫ್ ಇಕರಸ್’. ಮೂಲದಲ್ಲಿ ಅಪ್ಪ ಎಚ್ಚರಿಸುತ್ತಾನೆ, ಮಗ ಕೇಳದೆ ಸೂರ್ಯನ ಹತ್ತಿರ ಹಾರಿ ರೆಕ್ಕೆ ಕರಗಿ ಬೀಳುತ್ತಾನೆ. ಹಾಡಿನಲ್ಲಿ ಅಪ್ಪನೇ ಹಾರು ಅನ್ನುತ್ತಾನೆ. ಬೀಳುವಾಗ ಮಗನಿಗೆ ಅಪ್ಪ ಕೈಬಿಟ್ಟ ಅಂತ ಗೊತ್ತಾಗುತ್ತದೆ. ಕತೆಯನ್ನು ಹೀಗೆ ತಿರುಗಿಸುವುದು ತಪ್ಪಲ್ಲ. ನಮ್ಮಲ್ಲೂ ಪಂಪನ ಕರ್ಣ ಬೇರೆ, ಕುಮಾರವ್ಯಾಸನ ಕರ್ಣ ಬೇರೆ. ಈ ಬ್ಯಾಂಡ್ 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತ್ತು. ನಮ್ಮ ಊರಿನ ಎಷ್ಟೋ ಹುಡುಗರು ಮೆಟಲ್ ಕೇಳುವುದರಿಂದ ನುಡಿಸುವುದಕ್ಕೆ ಹೊರಳಿದ್ದು ಅದಾದ ಮೇಲೆ.

ಈಜಿಪ್ಟಿನ ವಿಷಯದಲ್ಲಿ ನನಗೊಂದು ತಕರಾರಿದೆ. ಅಮೆರಿಕದ ನೈಲ್ ಅನ್ನುವ ಬ್ಯಾಂಡ್ 1998ರಿಂದ ಈಜಿಪ್ಟಿನ ದೇವರು, ಸಮಾಧಿ, ಮಂತ್ರಗಳ ಮೇಲೇ ಆಲ್ಬಮ್ ಮಾಡುತ್ತ ಬಂದಿದೆ. ಅದರ ಕಾರ್ಲ್ ಸ್ಯಾಂಡರ್ಸ್ ತುಂಬ ಓದಿದವರು. ಓದಿನ ಬಗ್ಗೆ ನನ್ನ ತಕರಾರಿಲ್ಲ. ಮೆಟಲ್ಲಿನಲ್ಲಿ ‘ಈಜಿಪ್ಟಿನ ನಾದ’ ಅಂತ ಬರುವ ಸ್ವರಗಳು ಯಾವುವು ಗೊತ್ತಾ? ಹೆಚ್ಚಾಗಿ ನಮ್ಮ ವಕುಳಾಭರಣ, ಇಲ್ಲ ಮಾಯಾಮಾಳವಗೌಳ. ಚಿಕ್ಕವನಿದ್ದಾಗ ನಾನು ಮೇಷ್ಟ್ರ ಮುಂದೆ ಕೂತು ಸರಳೆ ವರಸೆ ಒಪ್ಪಿಸಿದ ರಾಗವೇ. ಆಮೇಲೆ 1962ರಲ್ಲಿ ಅಮೆರಿಕದ ಗಿಟಾರ್ ವಾದಕ ಡಿಕ್ ಡೇಲ್ ನುಡಿಸಿದ ‘ಮಿಸರ್ಲೂ’ ಕೇಳಿದಾಗ ಕೈಬೆರಳು ತಾನೇ ಸ್ವರ ಎಣಿಸಿತು. ಮಾಯಾಮಾಳವಗೌಳವೇ. ಮಿಸರ್ಲೂ ಅಂದರೆ ಈಜಿಪ್ಟಿನ ಹುಡುಗಿ. ಆದರೆ ಫೇರೋ ರಾಜರ ಕಾಲದ ಈಜಿಪ್ಟಿನ ಹಾಡು ಹೇಗಿತ್ತು ಅಂತ ಹೇಳುವ ಸ್ವರಲಿಪಿ ಒಂದೂ ನಮಗೆ ಸಿಕ್ಕಿಲ್ಲ. ಸಿನಿಮಾಗಳು ಕಲಿಸಿದ ‘ಪೂರ್ವ ದೇಶದ’ ನಾದ ಅದು. ಕತೆ ನಿಜವಾದ ಓದಿನಿಂದ ಬಂತು, ನಾದ ಬೇರೆಲ್ಲಿಂದಲೋ ಬಂತು. ಕೇಳಲು ಚೆನ್ನಾಗಿದೆ. ಪ್ರಾಚೀನ ಅಂತ ಮಾತ್ರ ಒಪ್ಪಲಾರೆ.

ಇದಕ್ಕೆ ಎದುರಾಗಿ ನ್ಯೂಜಿಲೆಂಡಿನ ಏಲಿಯನ್ ವೆಪನ್ರಿ ನೋಡಿ. ಇಬ್ಬರು ಅಣ್ಣತಮ್ಮಂದಿರು ಪ್ರೈಮರಿ ಶಾಲೆಯ ವಯಸ್ಸಿನಲ್ಲೇ ಶುರು ಮಾಡಿದ ಬ್ಯಾಂಡ್. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯ ಶಾಲೆಯಲ್ಲಿ ಓದಿದವರು. 2018ರ ಅವರ ಮೊದಲ ಆಲ್ಬಮ್ಮಿನ ಹೆಸರು ‘ಟೂ’. ಮಾವೊರಿ ಯುದ್ಧದೇವರ ಹೆಸರು ಅದು. ಹಲವು ಹಾಡುಗಳೂ ಆ ಭಾಷೆಯಲ್ಲೇ ಇವೆ. ಒಂದು ಹಾಡು 1864ರಲ್ಲಿ ಬ್ರಿಟಿಷರ ಎದುರು ನಡೆದ ಕಾಳಗದ್ದು. ಅವರ ಪೂರ್ವಜರೊಬ್ಬರು ಅಲ್ಲಿ ಹೋರಾಡಿದ್ದರು. ಮಾವೊರಿಗಳ ಹಾಕಾ ಕುಣಿತದ ಕೂಗು ಅವರಿಗೆ ಬೇರೆ ಕಡೆಯಿಂದ ತರಬೇಕಾದ ವಸ್ತು ಅಲ್ಲ, ಮನೆಯ ಮಾತು.

ನಮ್ಮ ಪುರಾಣಗಳ ಕತೆ ಏನು? ನ್ಯೂಯಾರ್ಕಿನ ಕ್ರೋ-ಮ್ಯಾಗ್ಸ್ ಬ್ಯಾಂಡಿನವರು ಕೃಷ್ಣಭಕ್ತಿಯ ಕಡೆ ಒಲಿದು 1986ರಲ್ಲಿ ‘ದಿ ಏಜ್ ಆಫ್ ಕ್ವಾರಲ್’ ಆಲ್ಬಮ್ ತಂದರು. ಹೆಸರಿನ ಅರ್ಥ ಕಲಿಯುಗ. ಸಿಂಗಪುರದ ರುದ್ರ ಬ್ಯಾಂಡ್ 1992ರಿಂದ ಇದೆ. ತಮ್ಮದನ್ನು ವೇದಿಕ್ ಮೆಟಲ್ ಅಂತ ಕರೆಯುತ್ತದೆ. 2003ರಲ್ಲಿ ‘ಕುರುಕ್ಷೇತ್ರ’, 2005ರಿಂದ 2011ರೊಳಗೆ ‘ಬ್ರಹ್ಮವಿದ್ಯಾ’ ಅನ್ನುವ ಮೂರು ಆಲ್ಬಮ್. ಗಾಯಕ ಕದಿರ್ ವೇದಾಂತ ಓದಿದವರು. ಮಂತ್ರವನ್ನು ಮೆಟಲ್ ಜೊತೆ ಸೇರಿಸುವುದು ಸರಿಯಾ ಅಂತ ಕೆಲವರು ಕೇಳುತ್ತಾರೆ. ಅವರ ಹಾಡಿನಲ್ಲಿ ದೇವರ ಯುದ್ಧಕ್ಕಿಂತ ‘ನಾನು ಯಾರು’ ಅನ್ನುವ ಪ್ರಶ್ನೆಯೇ ಜಾಸ್ತಿ. ಆ ಶ್ರದ್ಧೆ ಕೇಳಿದರೆ ಗೊತ್ತಾಗುತ್ತದೆ. ನನಗೆ ಅದರಲ್ಲಿ ಅಗೌರವ ಕಾಣಲಿಲ್ಲ.

ಕನ್ನಡದಲ್ಲಿ ಮಂಟೇಸ್ವಾಮಿ, ಮಲೆ ಮಾದೇಶ್ವರ, ಜುಂಜಪ್ಪ ಇದ್ದಾರೆ. ಒಂದೊಂದೂ ರಾತ್ರಿಗಟ್ಟಲೆ ಹಾಡುವ ಕಾವ್ಯ. ತಂಬೂರಿ, ಕಂಸಾಳೆ, ಗಣೆಯ ನಾದ ಇದೆ. ಅಮಾರ್ಫಿಸ್ ಮಾಡಿದ ಕೆಲಸ ಇಲ್ಲೂ ಆಗಬೇಕು ಅನ್ನುವುದು ನನ್ನ ದೊಡ್ಡ ಆಸೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಥೋರನನ್ನು ಇವತ್ತು ಪೂಜಿಸುವವರು ಕೆಲವೇ ಜನ. ಮಾದಪ್ಪನಿಗೆ, ಸಿರಿಗೆ, ದೈವಗಳಿಗೆ ಹಾಗಲ್ಲ, ಅವರು ಜನರ ನಡುವೆ ಇದ್ದಾರೆ. ಆ ಹಾಡುಗಳನ್ನು ತಲೆಮಾರುಗಳಿಂದ ಹೊತ್ತು ತಂದ ನೀಲಗಾರರು, ದೇವರಗುಡ್ಡರು, ಕಾಡುಗೊಲ್ಲರು, ಪಾಡ್ದನ ಹೇಳುವ ಹೆಂಗಸರು ನಮ್ಮ ಪಕ್ಕದಲ್ಲೇ ಇದ್ದಾರೆ. ಅವರನ್ನು ಕೇಳಬೇಕು, ಅವರ ಜೊತೆ ಕೂತು ಕಲಿಯಬೇಕು, ಹೆಸರೂ ಹಣವೂ ಅವರಿಗೂ ಸೇರಬೇಕು. ಕೋಲದ ಮುಖವರ್ಣಿಕೆ ಬಳಿದುಕೊಂಡು ವೇದಿಕೆ ಹತ್ತುವುದನ್ನು ನಾನು ಪುರಾಣದ ಪ್ರಭಾವ ಅನ್ನುವುದಿಲ್ಲ.

ತಾಯಿಯಾಗಿ ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಅಳುಕೂ ಇರಬಹುದು. ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಈ ದಾರಿಯಲ್ಲಿ ಕೆಟ್ಟದ್ದೂ ನಡೆದಿದೆ. 1992ರಲ್ಲಿ ನಾರ್ವೆಯ ಬರ್ಗೆನ್ ಹತ್ತಿರದ ಫಾಂಟೊಫ್ಟ್ ಅನ್ನುವ ಹಳೇ ಮರದ ಚರ್ಚ್ ಬೆಂಕಿಗೆ ಬೂದಿಯಾಯಿತು. ಮತ್ತೆ ಕೆಲವು ಚರ್ಚುಗಳೂ ಸುಟ್ಟವು. ಮೆಟಲ್ಲಿನದೇ ಒಂದು ಕವಲಾದ ಬ್ಲ್ಯಾಕ್ ಮೆಟಲ್ ಗುಂಪಿನ ಕೆಲವರು ಜೈಲಿಗೆ ಹೋದರು. ರೂನ್ ಲಿಪಿಯನ್ನು ಹಿಟ್ಲರನ ಪಡೆಗಳು ಬಳಸಿದ್ದವು. ಇವತ್ತೂ ಜನಾಂಗ ದ್ವೇಷದ ಕೆಲವು ಗುಂಪುಗಳು ಅದೇ ಚಿಹ್ನೆ ಹೊತ್ತು ತಿರುಗುತ್ತವೆ. ಅಂಥವರಿಂದ ನಮ್ಮ ಕತೆಗಳನ್ನು ಬಿಡಿಸಿಕೊಳ್ಳುತ್ತೇವೆ ಅಂತ ಬಹಿರಂಗವಾಗಿ ಹೇಳಿದ ಸಂಗೀತಗಾರರೂ ಬಹಳ ಜನ ಇದ್ದಾರೆ. ನಾರ್ವೆಯ ವಾರ್ಡ್ರೂನಾ ತಂಡದ ಐನಾರ್ ಸೆಲ್ವಿಕ್ ಅವರಲ್ಲಿ ಒಬ್ಬರು. ಸುತ್ತಿಗೆ ಪದಕ ಕಂಡು ಗಾಬರಿಯಾಗಬೇಡಿ. ಯಾವ ಬ್ಯಾಂಡ್, ಅವರು ವೇದಿಕೆಯ ಹೊರಗೆ ಏನು ಮಾತಾಡುತ್ತಾರೆ ಅಂತ ಮಗನ ಹತ್ತಿರ ಕೇಳಿ. ಅವನಿಗೆ ಗೊತ್ತಿರುತ್ತದೆ.

ಇನ್ನು ಆ ಕಿರುಚಾಟ. ಅದು ಸಿಟ್ಟಿನಲ್ಲಿ ಕೂಗುವುದಲ್ಲ. ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಅವನ್ನು ಹದವಾಗಿ ಕಂಪಿಸಿದಾಗ ಆ ದನಿ ಬರುತ್ತದೆ. ಕಲಿಯಲು ವರ್ಷಗಳು ಬೇಕು, ತಪ್ಪಾಗಿ ಮಾಡಿದರೆ ಗಂಟಲು ಹೋಗುತ್ತದೆ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟ ಕೊಡುವಾಗ, ಮನುಷ್ಯನಲ್ಲದ್ದು ಏನೋ ಬರುತ್ತಿದೆ ಅಂತ ಮಕ್ಕಳಿಗೂ ತಿಳಿಯುತ್ತದೆ. ಸರ್ಪವೋ ರಾಕ್ಷಸನೋ ಮಾತಾಡಬೇಕಾದರೆ ಸುಗಮ ಸಂಗೀತದ ದನಿ ಸಾಲುವುದಿಲ್ಲ.

ನೀವು ಹೀಗೆ ಶುರು ಮಾಡಿ. ಮೊದಲು ಸ್ಕಾಲ್ಮೋಲ್ಡ್ ಅವರ ಆರ್ಕೆಸ್ಟ್ರಾ ಕಛೇರಿ, ವಿಡಿಯೊದಲ್ಲೇ ನೋಡಿ. ಆಮೇಲೆ ಟೀರ್ ಅವರ ಲಾವಣಿ. ಎರಡರಲ್ಲೂ ನಿಮಗೆ ಹಿಡಿದುಕೊಳ್ಳಲು ಒಂದು ಮಟ್ಟು ಸಿಗುತ್ತದೆ. ಮೂರನೆಯದಾಗಿ ‘ಬ್ಲ್ಯಾಕ್ ವಿಂಟರ್ ಡೇ’. ಅದನ್ನು ಒಬ್ಬರೇ ಕೇಳಬೇಡಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡಿನ ಮಾತನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡು ಕೇಳಿ. ಹಾಡು ಮುಗಿದ ಮೇಲೆ ನಿಮ್ಮ ತಾಯಿಯೋ ಅಜ್ಜಿಯೋ ಹೇಳುತ್ತಿದ್ದ ಹೆಣ್ಣೊಪ್ಪಿಸುವ ಹಾಡನ್ನು ಅವನ ಮುಂದೆ ಹಾಡಿ. ಪೂರ್ತಿ ನೆನಪಿಲ್ಲದಿದ್ದರೂ ಪರವಾಗಿಲ್ಲ, ಬಂದಷ್ಟು ಸಾಲು ಹಾಡಿ. ಅವನ ಹತ್ತಿರ ಗಿಟಾರ್ ಇದ್ದರೆ ಆ ಮಟ್ಟನ್ನು ಹುಡುಕಿ ನುಡಿಸಲು ಹೇಳಿ.